ಕೇಸು ಬೇಕಾಗಿದ್ದ ಹುಡುಗ

ಬಸ್ಸಿಗೆ ಕಲ್ಲು ಹೊಡೆದವನು ತಾನೇ ಎಂದು ಮುಗಿಲನ್ ತಾನಾಗಿ ಠಾಣೆಗೆ ಬಂದು ಒಪ್ಪಿಕೊಂಡ. ಹನ್ನೆರಡನೇ ತರಗತಿ, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಹೇಳಿ ಮುಗಿಸಿ ಕಿಟಕಿಯ ಕಡೆ ನೋಡಿದ. ಎದುರಿನ ಚಹಾದಂಗಡಿಯಲ್ಲಿ ಅವನ ರೂಟಿನ ಹುಡುಗರೆಲ್ಲ ಕಾಯುತ್ತಿದ್ದರು.

ಉತ್ತರ ಚೆನ್ನೈಯ ಆ ಕಡೆ ಪ್ರತಿ ಬಸ್ ರೂಟಿಗೂ ಹುಡುಗರದೊಂದು ದಂಡು, ದಂಡಿಗೊಬ್ಬ ಮುಖಂಡ. ಅವನೇ ‘ತಲ’. ಫುಟ್‌ಬೋರ್ಡಿನ ಮೊದಲ ಮೆಟ್ಟಿಲು ಅವನದು. ತಲ ಆಗಲು ಓದು ಬೇಡ, ಹೆಸರಿನ ಮೇಲೊಂದು ಪೊಲೀಸ್ ಕೇಸಿದ್ದರೆ ಸಾಕು. ಸೆಲ್ವಿನ್ ಎಂಬ ಈಗಿನ ತಲನಿಗೆ ಎರಡಿದ್ದವು. ಮುಗಿಲನ್‌ಗೆ ಒಂದೂ ಇಲ್ಲ. ಅದಕ್ಕೇ ಅವನು ಎಲ್ಲರ ಬಾಯಲ್ಲಿ ‘ಮೊಸರನ್ನ’, ಅಂದರೆ ಸಪ್ಪೆ, ಪುಕ್ಕಲ. ನಿನ್ನೆ ಕಲ್ಲು ಹೊಡೆದವನು ಸೆಲ್ವಿನ್ನೇ. ಬೇಕಾದರೆ ಈ ಕೇಸು ನೀನೇ ಇಟ್ಟುಕೋ ಎಂದು ಅವನೇ ಉದಾರವಾಗಿ ಬಿಟ್ಟುಕೊಟ್ಟಿದ್ದ.

ಇನ್ಸ್‌ಪೆಕ್ಟರ್ ಪೂಂಗೊಡಿ ಆ ಬಸ್ಸಿನ ಕಂಡಕ್ಟರ್ ದೇವಸಹಾಯಂನನ್ನು ಕರೆಸಿದರು. ಅವನ ಹಣೆಗೆ ನಾಲ್ಕು ಹೊಲಿಗೆ ಬಿದ್ದಿತ್ತು. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಹುಡುಗರನ್ನು ಕೆಳಗಿಳಿಸಿದ್ದಕ್ಕೆ ಸಿಕ್ಕ ಬಹುಮಾನ ಅದು.

“ಇವನಾ? ಇವನಲ್ಲ ಮೇಡಂ. ಗಾಜು ಒಡೆದದ್ದೇ ಎಲ್ರೂ ಓಡಿದ್ರು. ಇವನೊಬ್ಬ ನಿಂತು, ಅಂಗಿ ಬಿಚ್ಚಿ ನನ್ನ ಹಣೆಗೆ ಒತ್ತಿ ಹಿಡ್ಕೊಂಡ. ಬನಿಯನ್ನಲ್ಲೇ ಆಸ್ಪತ್ರೆ ತನಕ ಬಂದ.”

ಮುಗಿಲನ್ ಮುಖ ಕಪ್ಪಿಟ್ಟಿತು. ಅದು ತಾನಲ್ಲ, ಬೇರೆ ಯಾರೋ ಎಂದ. ದೇವಸಹಾಯಂ ಚೀಲದಿಂದ ಬಿಳಿ ಅಂಗಿಯೊಂದನ್ನು ತೆಗೆದ. ಶಾಲೆಯ ಬ್ಯಾಡ್ಜು ಜೇಬಿನಲ್ಲೇ ಇತ್ತು. ಹೆಂಡತಿ ಮೂರು ಸಲ ಒಗೆದು ಇಸ್ತ್ರಿ ಮಾಡಿದ್ದಳು, ಆದರೂ ಕಾಲರಿನ ಕಲೆ ಪೂರ್ತಿ ಹೋಗಿರಲಿಲ್ಲ.

“ಅಣ್ಣಾ, ಹೊರಗಡೆ ಮಾತ್ರ ಹೇಳ್ಬೇಡಿ. ನನ್ನ ಮಾನ ಹೋಗುತ್ತೆ.”

ತಪ್ಪು ಮಾಡಿಯೂ ಇಲ್ಲ ಎನ್ನುವವರನ್ನು ಪೂಂಗೊಡಿ ಬೇಕಾದಷ್ಟು ಕಂಡಿದ್ದರು. ಒಳ್ಳೆಯದು ಮಾಡಿ ಇಲ್ಲ ಎನ್ನುವವನನ್ನು ಕಂಡದ್ದು ಇದೇ ಮೊದಲು. ಅವರಿಗೆ ನಗುವೂ ಬಂತು, ಸಂಕಟವೂ ಆಯಿತು. ಬರೆಯಲು ತೆಗೆದ ಪುಸ್ತಕವನ್ನು ಮುಚ್ಚಿಬಿಟ್ಟರು.

ದೇವಸಹಾಯಂ ಕೇಳುವ ಆಸಾಮಿಯಲ್ಲ. ಹುಡುಗನ ಕೈ ಹಿಡಿದು ನೇರ ಚಹಾದಂಗಡಿಗೇ ಹೋಗಿ, ಎಲ್ಲರ ಮುಂದೆ ಅಂಗಿ ಕೊಟ್ಟು, ನಡೆದದ್ದನ್ನು ಒಂದೂ ಬಿಡದೆ ಹೇಳಿದ. ಈಗ ಗೇಲಿ ಮಾಡಿ ಕೂಗುತ್ತಾರೆ, ಇನ್ನು ಈ ಬಸ್ಸು ಹತ್ತುವ ಹಾಗಿಲ್ಲ ಎಂದು ಮುಗಿಲನ್ ತಲೆ ತಗ್ಗಿಸಿ ನಿಂತ. ಯಾರೂ ನಗಲಿಲ್ಲ. ಒಂಬತ್ತನೇ ತರಗತಿಯ ಒಬ್ಬ ಮೆಲ್ಲಗೆ ಕೇಳಿದ:

“ನಾವೆಲ್ಲ ಓಡಿದ್ವಲ್ಲ ಮಚ್ಚಾ. ನಿಂಗೆ ಭಯ ಆಗ್ಲಿಲ್ವಾ?”

“ಆಯ್ತು.”

ಸೆಲ್ವಿನ್ ಅರ್ಧ ಕುಡಿದ ಲೋಟವನ್ನು ಕೆಳಗಿಟ್ಟು ರಸ್ತೆ ದಾಟಿದ. ಹಿಂದಿನ ಎರಡು ಸಲವೂ ಪೊಲೀಸರು ಅವನನ್ನು ಕತ್ತಿನ ಪಟ್ಟಿ ಹಿಡಿದು ಎಳೆದು ತಂದಿದ್ದರು. ಈ ಸಲ ಠಾಣೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಒಬ್ಬನೇ ಒಳಗೆ ಹೋದ.