ಬಟ್ಟಲಿನ ತಳ

ಟೊಮೆಟೊ ಹೋಳಾಗಲಿಲ್ಲ. ಚಾಕುವಿನಡಿ ಒಂದು ಕ್ಷಣ ಹಠ ಮಾಡಿ, ಪಿಚಕ್ಕನೆ ಒಡೆದು, ಮೇಸ್ತ್ರಿಯ ಭಾನುವಾರದ ಬಿಳಿ ಅಂಗಿಯ ಮೇಲೆ ಹಾರಿತು.

ಆಡಿಕೊಳ್ಳುವವರ ಮುಂದೆ ಎಡವಿ ಬೀಳುವುದೆಂದರೆ ಇದೇ. ಎದುರಿಗೆ ಕುಳಿತಿದ್ದವಳು ಅವನದೇ ಕಾರ್ಖಾನೆಯ ಕ್ಯಾಂಟೀನು ನಡೆಸುವ ಅಕ್ಕ. ಇನ್ನೂರು ಜನರ ಅಡುಗೆಗೆ ತರಕಾರಿ ಹೆಚ್ಚಲು ಅವಳಿಗೆ ಮೇಸ್ತ್ರಿಯ ಹೆಂಡತಿ ಬೇಕಾಗಿದ್ದಳು, ಅದೂ ನಾಳೆಯಿಂದಲೇ. ಹೆಂಡತಿಗೂ ಆ ಕೆಲಸ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ ವಾರದಿಂದ ನಿದ್ದೆಯಲ್ಲೂ ಈರುಳ್ಳಿ ಹೆಚ್ಚುತ್ತಿದ್ದಳು. ಬೇಡವಾಗಿದ್ದುದು ಮೇಸ್ತ್ರಿಗೆ ಮಾತ್ರ. ಅದಕ್ಕೆ ಅವನು ಹುಡುಕಿದ ಕಾರಣವನ್ನಂತೂ ದೇವರೇ ಮೆಚ್ಚಬೇಕು.

"ನೋಡಿ ಅಕ್ಕ, ಇವಳಿಗೆ ಹೆಚ್ಚೋಕೆ ಬರುತ್ತೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಚಾಕು ಮಸೆದು ಕೊಡೋರು ಯಾರು? ಹನ್ನೆರಡು ವರ್ಷದಿಂದ ಭಾನುವಾರ ಬಂತು ಅಂದ್ರೆ ಕಲ್ಲು ಹಿಡಿದು ಕೂರೋನು ನಾನು. ಲೇತ್ ಮೇಲೆ ಕಬ್ಬಿಣ ಕಡೆಯೋ ಕೈ ಇದು. ನಾನು ಮಸೆದ ಚಾಕು ಹೇಗಿರುತ್ತೆ ತೋರಿಸ್ತೀನಿ ಇರಿ," ಎಂದು ಐದು ನಿಮಿಷದ ಹಿಂದೆ ಟೊಮೆಟೊ ತರಿಸಿದ್ದೂ ಅವನೇ.

ಈಗ ಅಂಗಿ ಒರೆಸಿಕೊಳ್ಳುತ್ತ, "ಈ ಟೊಮೆಟೊ ಸರಿ ಇಲ್ಲ," ಎಂದ.

"ಹೌದೌದು, ಕುಣಿಯೋಕೆ ಬರದಿದ್ರೆ ನೆಲ ಡೊಂಕು," ಎಂದಳು ಅಕ್ಕ.

ಇನ್ನೊಂದು ತರಿಸಿದ. ಅದೂ ಪಿಚಕ್.

ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಹೇಳಬಹುದಾಗಿದ್ದ ಮಾತು ಹನ್ನೆರಡು ವರ್ಷದಿಂದ ಗಂಟಲಲ್ಲೇ ಇತ್ತು. ಮೇಸ್ತ್ರಿ ಚಾಕುವನ್ನು ಜಗಳಕ್ಕೆ ಬಂದವನಂತೆ ಕಲ್ಲಿಗೆ ಅದುಮಿ ಉಜ್ಜುತ್ತಿದ್ದ. ಅಲಗಿನ ಅಂಚು ಮಡಚಿಕೊಂಡು ಇದ್ದ ಹರಿತವೂ ಹೋಗುತ್ತಿತ್ತು. ಅವನು ಕ್ಷೌರಕ್ಕೆ ಹೋದೊಡನೆ ಅವಳು ಅದನ್ನು ಗುಟ್ಟಾಗಿ ಸರಿಮಾಡಿಡುತ್ತಿದ್ದಳು. ಮರಳಿ ಬಂದು ಹಳೆಯ ಪೇಪರನ್ನು ಸರ್ರನೆ ಸೀಳಿ ಅವನು ಮೀಸೆ ತಿರುವುವಾಗ, ಹೋಗಲಿ ಪಾಪ, ಗಂಡಸಿನ ಜಂಬ, ಎಂದು ಸುಮ್ಮನಿದ್ದುಬಿಡುತ್ತಿದ್ದಳು. ಮೊನ್ನೆ ಅದೇ ಜಂಬ ಅವಳ ಕಾಲಿಗೇ ತೊಡರಿಕೊಂಡಿತು. "ನಾನು ಮಸೆದು ಕೊಡದಿದ್ರೆ ನೀನು ಒಂದು ಬದನೆಕಾಯಿನೂ ಹೆಚ್ಚಲಾರೆ, ಕ್ಯಾಂಟೀನಂತೆ," ಎಂದಿದ್ದ. ಅವಳಿಗೆ ರೇಗಿಹೋಯಿತು. ಇವತ್ತು ಬೆಳಗ್ಗೆ ಅವನು ಮಸೆದಿಟ್ಟ ಚಾಕುವನ್ನು ಇಟ್ಟ ಹಾಗೆಯೇ ಬಿಟ್ಟಿದ್ದಳು.

"ಗೊಂಬೆ ಹಾಗೆ ನಿಂತಿದ್ದೀಯಲ್ಲ, ಚಾಕುಗೆ ಏನು ಮಾಡಿದೆ?" ಎಂದು ಮೇಸ್ತ್ರಿ ಗದರಿದ.

"ಏನೂ ಮಾಡಿಲ್ಲ ರೀ. ಹನ್ನೆರಡು ವರ್ಷದಲ್ಲಿ ಇದೇ ಮೊದಲ ಸಲ ಏನೂ ಮಾಡದೆ ಬಿಟ್ಟಿದ್ದೀನಿ."

ಹೇಳಿದವಳೇ ಅವನ ಮುಂದಿದ್ದ ಪಿಂಗಾಣಿ ಬಟ್ಟಲನ್ನು ಎತ್ತಿಕೊಂಡಳು. ಅದರಲ್ಲಿ ಅರ್ಧ ಚಹಾ ಉಳಿದಿತ್ತು, ಮೋರಿಗೆ ಸುರಿದಳು. ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿ, ತಳದ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಅಲ್ಲಿನ ಹೊಳಪಿಲ್ಲದ ಒರಟು ಅಂಚಿಗೆ ಚಾಕುವನ್ನು ಓರೆಯಾಗಿ ತಾಗಿಸಿ ಎಳೆದಳು. ಅದುಮಲಿಲ್ಲ. ಹಿಡಿಯಿಂದ ತುದಿಯವರೆಗೆ, ಈ ಕಡೆ ಹತ್ತು ಸಲ, ಆ ಕಡೆ ಹತ್ತು ಸಲ. ಸಾಕ್ಷಾತ್ ಮೇಸ್ತ್ರಿಯೂ ಕುತ್ತಿಗೆ ಚಾಚಿ ನೋಡಿದ. ಆಮೇಲೆ ಚಾಕು ಒರೆಸಿ ಮೂರನೆಯ ಟೊಮೆಟೊದ ಮೇಲಿಟ್ಟಳು. ಕಾಗದದಷ್ಟು ತೆಳ್ಳಗಿನ ಹೋಳುಗಳು ಒಂದರ ಮೇಲೊಂದು ಮಲಗಿದವು. ಒಂದು ಹನಿ ರಸವೂ ಚೆಲ್ಲಲಿಲ್ಲ.

"ಇದನ್ನೆಲ್ಲಿ ಕಲಿತೆ ತಾಯಿ?" ಅಕ್ಕ ಒಂದು ಹೋಳನ್ನು ಬೆಳಕಿಗೆ ಹಿಡಿದು ನೋಡಿದಳು.

"ಅಮ್ಮನ ಹತ್ತಿರ. ನಮ್ಮ ಮನೇಲಿ ಕಲ್ಲು ಇರಲಿಲ್ಲ, ಬಟ್ಟಲು ಇತ್ತು."

"ನಾಳೆ ಆರು ಗಂಟೆಗೆ ಬಂದುಬಿಡು." ಅಕ್ಕ ಎದ್ದು ನಿಂತಳು. ಮೇಸ್ತ್ರಿಯನ್ನು ಒಂದು ಮಾತೂ ಕೇಳಲಿಲ್ಲ.

"ಐದೂ ಮುಕ್ಕಾಲಿಗೇ ಇರ್ತೀನಿ," ಎಂದಳು ಹೆಂಡತಿ. ಅವಳೂ ಕೇಳಲಿಲ್ಲ.

ಮೇಸ್ತ್ರಿ ಬಟ್ಟಲನ್ನು ಕೈಗೆತ್ತಿಕೊಂಡು ತಳ ನೋಡಿದ. ಅಂಚಿನ ಸುತ್ತ ಬೂದು ಬಣ್ಣದ ಗೆರೆ. ಅದನ್ನು ತೋರಿಸಿ, ಒಂದು ಬಟ್ಟಲು ನೆಟ್ಟಗೆ ತೊಳೆಯೋಕೂ ಬರಲ್ವಾ ನಿನಗೆ, ಎಂದು ಎಷ್ಟು ಸಲ ಬೈದಿದ್ದನೋ ಲೆಕ್ಕವಿಲ್ಲ. ಈಗ ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿದ. ಗೆರೆ ಹೋಗಲಿಲ್ಲ.

"ಅದು ಕೊಳೆ ಅಲ್ಲ ರೀ," ಎಂದು ಅವಳು ಬಟ್ಟಲನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಚಾಕುವಿನ ಜೊತೆ ಅದನ್ನೂ ಒಂದು ಬಟ್ಟೆಯಲ್ಲಿ ಸುತ್ತಿ, ಚೀಲದೊಳಗೆ ಇಟ್ಟಳು. "ನಾಳೆಯಿಂದ ನೀವು ಲೋಟದಲ್ಲಿ ಕುಡೀರಿ. ಇದು ನನಗೆ ಕೆಲಸಕ್ಕೆ ಬೇಕು."