ಗಡಿಪೇಟೆಯ ವಾರದ ರಜೆ

ನಡುರಾತ್ರಿ ಅಡುಗೆಮನೆಯ ಕಡೆಯಿಂದ ಚಮಚ ಬಿದ್ದ ಸದ್ದು ಕೇಳಿ ಅತಿಥಿಗೃಹದ ಮೇಲ್ವಿಚಾರಕಿ ಎದ್ದು ಕುಳಿತಳು. ಮಲಗುವ ಮುಂಚೆ ಎಲ್ಲ ಬಾಗಿಲುಗಳನ್ನೂ ಮೂರು ಮೂರು ಸಲ ನೋಡಿ ಬಂದಿದ್ದಳು. ಕಳ್ಳನಾದವನು ಚಮಚ ಬೀಳಿಸುತ್ತಾನೆಯೇ ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡು ಟಾರ್ಚ್ ಹಿಡಿದು ಹೊರಟಳು.

ಅಲ್ಲಿದ್ದವರು ಎರಡು ದೇಶಗಳ ವ್ಯಾಪಾರ ನಿಯೋಗಗಳ ಮುಖ್ಯಸ್ಥರಿಬ್ಬರು. ಗಡಿಯಾಚೆಯವರು ನೀರು ಕಾಯಿಸುತ್ತಿದ್ದರು. ಈಚೆಯವರು ಸಕ್ಕರೆಗಾಗಿ ತಡಕಾಡಿ ಯಾವುದೋ ಡಬ್ಬಿ ತೆರೆದಿದ್ದರು. ಹಗಲಿಡೀ ದುಭಾಷಿಗಳ ಮೂಲಕವೇ ಮಾತಾಡಿ ಮುಖ ತಿರುಗಿಸಿಕೊಂಡು ಎದ್ದುಹೋಗಿದ್ದವರು, ಈಗ ಗಡಿ ಊರಿನ ಮಾತಿನಲ್ಲೇ ಸಲೀಸಾಗಿ ಜಗಳವಾಡುತ್ತಿದ್ದರು.

“ಅದು ಉಪ್ಪು ಕಣ್ರೀ,” ಎಂದರು ಆಚೆಯವರು. “ಸುಂಕ ಇಳಿಸಿದ್ದಕ್ಕೆ ಇದೇನಾ ಬಹುಮಾನ?”

ಒಂಬತ್ತು ವರ್ಷ ಮುಚ್ಚಿದ್ದ ಗಡಿಪೇಟೆಯನ್ನು ಮತ್ತೆ ತೆರೆಯುವ ಮಾತುಕತೆ ಅದು. ಸುಂಕ, ಪರವಾನಗಿ, ತೂಕ, ಅಳತೆ ಎಲ್ಲವೂ ಮೂರೇ ದಿನದಲ್ಲಿ ಇತ್ಯರ್ಥವಾಗಿ, ವಾರದ ರಜೆಗೆ ಬಂದು ಕಗ್ಗಂಟಾಗಿತ್ತು. ಇವರ ಧರ್ಮದವರಿಗೆ ಒಂದು ದಿನ ಪ್ರಾರ್ಥನೆ, ಅವರ ಧರ್ಮದವರಿಗೆ ಮರುದಿನ. ಒಂದೇ ದಿನ ಮುಚ್ಚಿದರೆ ಒಬ್ಬರಿಗೆ ಅವಮಾನ; ಎರಡೂ ದಿನ ಮುಚ್ಚಿದರೆ ಹಣ್ಣು, ತರಕಾರಿಯೆಲ್ಲ ಕೊಳೆತುಹೋಗುತ್ತದೆ. ಬೆಳಗ್ಗೆ ಹತ್ತಕ್ಕೆ ಸಹಿ ಬೀಳದಿದ್ದರೆ ಎಲ್ಲರೂ ಗಂಟುಮೂಟೆ ಕಟ್ಟುತ್ತಾರೆ. ಮೇಲ್ವಿಚಾರಕಿಗೆ ಇದೆಲ್ಲ ಬಾಯಿಪಾಠ. ಅವಳ ಅಕ್ಕನನ್ನು ಕೊಟ್ಟಿದ್ದು ಗಡಿಯ ಆಚೆಗೆ. ಗಡಿ ದಾಟಲು ಇದ್ದ ದಾರಿ ಆ ಪೇಟೆಯೊಂದೇ; ಅಕ್ಕನ ಮುಖ ನೋಡಿ ಒಂಬತ್ತು ವರ್ಷವಾಗಿತ್ತು.

ಅವಳು ಮೂರು ಲೋಟಗಳಿಗೆ ಚಹಾ ಬಗ್ಗಿಸಿದಳು. ಈಚೆಯವರು ಅರ್ಧ ತಮಾಷೆಗೆ, “ನೀವೇ ಹೇಳಮ್ಮ, ಪೇಟೆಗೆ ಯಾವತ್ತು ರಜ?” ಎಂದರು.

ಒಂದು ಪದ ಹೆಚ್ಚುಕಡಿಮೆಯಾದರೂ ಅಕ್ಕ ಇನ್ನಷ್ಟು ದೂರವಾಗುತ್ತಾಳೆ ಎಂದು ಅವಳಿಗೆ ಅನಿಸಿತು. “ಹಿಂದೆ ಆ ಪೇಟೆಗೆ ರಜಾನೇ ಇರ್ಲಿಲ್ಲ ಸರ್,” ಎಂದು ತೂಗಿ ತೂಗಿ ಶುರುಮಾಡಿದಳು. ಅವಳ ಅಮ್ಮನದು ಅಲ್ಲಿ ಗುಂಡಿ-ದಾರದ ಅಂಗಡಿ. ಪಕ್ಕದಲ್ಲಿ ಆಚೆ ದೇಶದ ಕೊಡೆ ರಿಪೇರಿಯವನು. ಅಮ್ಮನ ಪ್ರಾರ್ಥನೆಯ ದಿನ ಎರಡೂ ಅಂಗಡಿಗಳನ್ನು ಅವನೇ ನೋಡಿಕೊಳ್ಳುತ್ತಿದ್ದ, ಅವನ ದಿನ ಅಮ್ಮ. ಇಡೀ ಪೇಟೆಯಲ್ಲಿ ಹಾಗೇ ನಡೆಯುತ್ತಿತ್ತು. ಬಿಳಿ ಅಂಗಿಗೆ ಅವನು ಹಸಿರು ಗುಂಡಿ ಕೊಟ್ಟು ಕಳಿಸುತ್ತಿದ್ದ, ಅಷ್ಟೆ. ಅಮ್ಮ ರಿಪೇರಿ ಮಾಡಿದ ಕೊಡೆಯೋ, ಒಮ್ಮೆ ಬಿಚ್ಚಿದರೆ ಮತ್ತೆ ಮುಚ್ಚುತ್ತಿರಲಿಲ್ಲ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಈಚೆಯವರು ಗೋಡೆಯ ಮೇಲಿದ್ದ ನಾಳೆಯ ಊಟದ ಪಟ್ಟಿಯನ್ನು ಕಿತ್ತು, ಅದರ ಬೆನ್ನಿಗೆ ಬರೆಯತೊಡಗಿದರು.

“ನಿಮ್ಮವರ ದಿನ ನಿಮ್ಮಂಗಡಿ ನಮ್ಮವರು ನೋಡ್ಕೋತಾರೆ. ನಮ್ಮ ದಿನ ನೀವು.”

“ಲಾಭ?”

“ಅಂಗಡಿಯವರದೇ. ನೋಡ್ಕೊಂಡವರಿಗೆ ಒಂದು ಚಹಾ.”

“ಉಪ್ಪಿಲ್ಲದ ಚಹಾ ಅಂತ ಸೇರಿಸಿ. ಒಪ್ಪಿದೆ.”

ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಸಹಿ ಬಿತ್ತು; ಸೋಮವಾರವೇ ಪೇಟೆ ತೆರೆಯುವುದೆಂದಾಯಿತು. ಈ ಉಪಾಯ ಮೊದಲು ಯಾರಿಗೆ ಹೊಳೆಯಿತು ಎಂದು ಪತ್ರಿಕೆಯವರು ಕೇಳಿದಾಗ ಇಬ್ಬರು ಮುಖ್ಯಸ್ಥರೂ ಎದುರಿನವರತ್ತ ಕೈ ತೋರಿಸಿದರು. ಸಭಾಂಗಣವೆಲ್ಲ ಚಪ್ಪಾಳೆ. ಬಾಗಿಲ ಬಳಿ ನಿಂತಿದ್ದ ಮೇಲ್ವಿಚಾರಕಿ ಮಾತ್ರ ಯೋಚಿಸುತ್ತಿದ್ದಳು: ರಾತ್ರಿಯ ವಿಷಯ ಹೊರಬಿದ್ದರೆ, ಅಡುಗೆಮನೆಗೆ ಮೊದಲು ಬಂದವರು ಯಾರು, ಸೋತವರು ಯಾರು ಎಂದು ಜನ ಲೆಕ್ಕ ಹಾಕುತ್ತಾರೆ, ಪೇಟೆ ಮತ್ತೆ ಮುಚ್ಚಿದರೂ ಮುಚ್ಚೀತು. ಅಕ್ಕನಿಗೆ ಫೋನು ಮಾಡಿದಾಗಲೂ, “ಸೋಮವಾರ ಬರ್ತೀನಿ, ಬಾಗಿಲಲ್ಲೇ ನಿಂತಿರು,” ಎಂದಷ್ಟೇ ಹೇಳಿ ಇಟ್ಟಳು.

ಎಂಜಲು ಲೋಟ ಬಿಟ್ಟು ಅವಳು ಎಂದೂ ಮಲಗಿದವಳಲ್ಲ, ನಿನ್ನೆ ಮರೆತಿದ್ದಳು. ಅಡುಗೆಯವನು ಮೂರನ್ನೂ ಬೆರಳಿಗೆ ಸಿಕ್ಕಿಸಿಕೊಂಡು ಬಂದು, “ಇವು ಯಾರವು ಅಕ್ಕಾ?” ಎಂದ.

“ಮೂರೂ ನನ್ನವೇ,” ಎಂದಳು. “ರಾತ್ರಿ ತುಂಬ ಬಾಯಾರಿತ್ತು.”