ಆರು ಕನ್ನಡಿಗಳು

ಹಿಂದಿನ ಚಿತ್ರವನ್ನು ನಿರ್ದೇಶಿಸಿದವಳು ವಾರಿಜಾ. ಟೈಟಲ್ ಕಾರ್ಡಿನಿಂದ ಅವಳ ಹೆಸರು ಅಳಿಸಿ ತನ್ನದನ್ನು ಹಾಕಿಸಿಕೊಂಡವನು ಅದರ ಹೀರೋ. ಅದೇ ಹೀರೋ ಮತ್ತೆ ಕರೆದು, ಹಳೆಯ ಇಂಗ್ಲಿಷ್ ಕಾದಂಬರಿಯೊಂದರ ರಕ್ತಪಿಶಾಚಿಯ ಪ್ರೇಮಕಥೆಯನ್ನು ಸಿನಿಮಾ ಮಾಡಿಕೊಡಿ ಎಂದಾಗ ಅವಳು ಹಲ್ಲು ಕಚ್ಚಿಕೊಂಡು ಒಪ್ಪಿದಳು.

"ಕಾದಂಬರಿ ಓದಿದ್ರಾ ಸಾರ್?"

"ಅದನ್ನೆಲ್ಲ ಓದೋಕೆ ನೀವಿದ್ದೀರಲ್ಲ! ಕ್ಲೈಮ್ಯಾಕ್ಸ್ ತುಂಬಾ ನನ್ನ ಮುಖ ಇರ್ಬೇಕು, ಅಷ್ಟೇ."

"ಆರು ಕನ್ನಡಿ ಇಡಿಸ್ತೀನಿ ಸಾರ್. ಹೀರೋಯಿನ್ ಕತ್ತಿಗೆ ನೀವು ಬಾಯಿ ಹಾಕೋದನ್ನ ಬರೀ ಕನ್ನಡಿಗಳಲ್ಲೇ ತೋರಿಸೋಣ."

ಹೀರೋ ಹಿಗ್ಗಿಹೋದ. ಮೂರು ದಿನ ಆ ಕನ್ನಡಿಗಳ ಮುಂದೆ ಜೀವ ತೇಯ್ದು ನಟಿಸಿದ.

ಗ್ರಾಫಿಕ್ಸ್ ಕೆಲಸ ಮುಗಿದದ್ದು ಬಿಡುಗಡೆಯ ಹಿಂದಿನ ದಿನ. ಮೊದಲ ಆಟಕ್ಕೆ ಇಬ್ಬರೂ ಅಭಿಮಾನಿಗಳ ನಡುವೆಯೇ ಕುಳಿತರು. ಶಿಳ್ಳೆಗಳ ಮಧ್ಯೆ ಕ್ಲೈಮ್ಯಾಕ್ಸ್ ಬಂತು. ಆರೂ ಕನ್ನಡಿಗಳಲ್ಲಿ ನಾಯಕಿ ಒಬ್ಬಳೇ ಕತ್ತು ವಾಲಿಸಿ, ಗಾಳಿಯನ್ನು ತಬ್ಬಿಕೊಂಡು ನಿಂತಿದ್ದಳು. ಶಿಳ್ಳೆ ನಿಂತುಹೋಯಿತು.

"ನಾನೆಲ್ರೀ?" ಹೀರೋ ಅವಳ ತೋಳು ಹಿಡಿದು ಜಗ್ಗಿದ.

ವಾರಿಜಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ರಕ್ತಪಿಶಾಚಿ ಕನ್ನಡೀಲಿ ಕಾಣಲ್ಲ ಸಾರ್. ಕಾದಂಬರೀಲೇ ಇದೆ."